ತಲೆಗೇರಿದ ಬೆಲ್ಲದ ಪಾಕ

ನನ್ನ ತಲೆಯ ಬಗ್ಗೆ ನನಗೆ ಯಾವ ಅಸಮಾಧಾನವೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಮಾರ್ಗದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನನಗೆ ಈ ತಲೆಯಿಂದ ಉಪಕಾರವೇ ಆಗಿದೆ. ಎಷ್ಟೇ ರಶ್ಶಿದ್ದರೂ ಹಿಂದಿನ ಸೀಟಿನವರು, "ಅಲ್ಲಿ ಮಿಂಚಾಕತ್ತೈತಿ ನೋಡು, ಕಂಡಕ್ಟರು ಅಲ್ಲೇ ಅದಾರ" ಎಂದು ಸಲೀಸಾಗಿ ನನ್ನನ್ನು ಪತ್ತೆ ಹಚ್ಚುತ್ತಾರೆ. ನೆತ್ತಿ ಪೂರ್ತಿ ಬಯಲು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಹಿಂದುಗಡೆ ಮಾತ್ರ, ಕುದುರೆ ಲಾಳದಂತೆ ಒಂದಿಷ್ಟು ಕೂದಲು. ಅದನ್ನೂ ಆಗಾಗ ಬೋಳಿಸಿಕೊಂಡು ಸುಖವಾಗಿದ್ದೆ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಮಗಳ ಮದುವೆಯ ಮಾತು ಶುರುವಾದಾಗ. ಮಗಳು ಅಂಬಿಕಾ ನಮ್ಮ ಕೊಟ್ಟೂರಿನಲ್ಲೇ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ನೋಡಲು ಲಕ್ಷಣ, ಮಾತಿನಲ್ಲಿ ಥೇಟ್ ತಾಯಿ. ಹಡಗಲಿ ಕಡೆಯ ಒಂದು ಸಂಬಂಧದವರು ಬಂದು ನೋಡಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಬೇಡ ಎಂದರು. ಮಧ್ಯಸ್ಥರನ್ನು ಕಾರಣ ಕೇಳಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕಾಬ್ಯಾಡ್ರಿ ಕೊಟ್ರೇಶಪ್ಪ. ಹುಡುಗಿ ಚೊಲೋ ಅದಾಳ. ಆದ್ರ ಅಪ್ಪನ ತಲಿ ಹಿಂಗೈತಿ, ನಾಳೆ ಹುಟ್ಟೋ ಮಕ್ಕಳಿಗೂ ಹಿಂಗಾದ್ರ ಏನ್ ಮಾಡಾದು ಅಂದ್ರು" ಎಂದರು.

ಇನ್ನೂ ಹುಟ್ಟದ ಮೊಮ್ಮಕ್ಕಳ ತಲೆಗೂದಲಿಗೂ ನಾನೇ ಹೊಣೆ! ಈ ಮಾತನ್ನು ಹೆಂಡತಿ ಗಂಗಮ್ಮನಿಗೆ ಮಾತ್ರ ಹೇಳಿದೆ, ಮಗಳಿಗೆ ಹೇಳಲಿಲ್ಲ. ನನ್ನ ದೆಸೆಯಿಂದ ಕೂಸಿಗೆ ಸಂಬಂಧ ತಪ್ಪಿತಲ್ಲ ಎಂಬ ಚಿಂತೆಯಲ್ಲಿ ಹರಪನಹಳ್ಳಿಗೆ ಹೋಗುವವರಿಗೆ ಕೂಡ್ಲಿಗಿ ಟಿಕೆಟ್ ಹರಿದುಕೊಟ್ಟು ಬೈಸಿಕೊಂಡೆ.

ಅಷ್ಟರಲ್ಲಿ ಹರಪನಹಳ್ಳಿಯಿಂದಲೇ ಇನ್ನೊಂದು ಸಂಬಂಧ ಬಂತು. ಹುಡುಗ ಪ್ರಕಾಶ, ಹೈಸ್ಕೂಲ್ ಮೇಷ್ಟ್ರು. ಮೊಬೈಲಿಗೆ ಬಂದ ಫೋಟೋದಲ್ಲಿ ಉಚ್ಚಂಗಿದುರ್ಗದ ಗುಡ್ಡದ ಮೇಲೆ ಕ್ಯಾಪು, ಕೂಲಿಂಗ್ ಗ್ಲಾಸು ಹಾಕಿಕೊಂಡು ಠೀವಿಯಿಂದ ನಿಂತಿದ್ದ. ಇಬ್ಬರೂ ಫೋನಿನಲ್ಲಿ ಮಾತಾಡಿದರು. ಮಾತಾಡುತ್ತಾ ಅಂಬಿಕಾ ಗೋಡೆಯ ಕಡೆ ತಿರುಗಿ ನಗುವುದನ್ನು ನಾನೇ ಕಣ್ಣಾರೆ ಕಂಡೆ. ಮುಂದಿನ ತಿಂಗಳು ಬಂದು ನೋಡಿ, ಮನಸ್ಸಿಗೆ ಬಂದರೆ ಅಂದೇ ಎಲೆ ಅಡಿಕೆ ಬದಲಿಸೋಣ ಎಂದು ಹುಡುಗನ ಕಡೆಯವರು ಹೇಳಿ ಕಳಿಸಿದರು. ಈ ಸಲ ನನ್ನ ತಲೆಯಿಂದ ಕೆಲಸ ಕೆಡಬಾರದು ಎಂದು ನಾನು ನಿರ್ಧರಿಸಿದೆ.

ಸಮಸ್ಯೆಯನ್ನು ಕೂಲಂಕಷವಾಗಿ ಅಧ್ಯಯನ ಮಾಡಿದೆ. ಬೋಳುತಲೆ ಇರುವುದು ತಪ್ಪಲ್ಲ. ಈಗ ಹುಡುಗರೇ ಫ್ಯಾಶನ್ನಿಗೆ ಬೋಳಿಸಿಕೊಳ್ಳುತ್ತಾರೆ. ಗುಟ್ಟು ಬಿಚ್ಚಿಡುವುದು ಆ ಲಾಳ! ಎಷ್ಟೇ ನುಣ್ಣಗೆ ಬೋಳಿಸಿದರೂ ಸಂಜೆಯೊಳಗೆ ಅಲ್ಲಿ ಕಪ್ಪು ನೆರಳು ಮೂಡುತ್ತದೆ. ಮಾರನೇ ದಿನ ಜೋಳ ಕೊಯ್ದ ಹೊಲದ ಕೂಳೆಯಂತೆ ನಿಲ್ಲುತ್ತದೆ. ಎಲ್ಲಿ ಬೆಳೆ ಇದೆ, ಎಲ್ಲಿ ಬೀಳು ಎಂದು ಯಾರಾದರೂ ಹೇಳಿಬಿಡಬಹುದು. ಅದನ್ನು ಬೇರುಸಮೇತ ಕಿತ್ತರೆ, ಕೂದಲು ಇದ್ದೂ ತೆಗೆಸಿದ್ದೋ ಇಲ್ಲದ್ದೋ ಬ್ರಹ್ಮನಿಗೂ ತಿಳಿಯದು.

ಮಗಳು ಒಮ್ಮೆ ಬ್ಯೂಟಿ ಪಾರ್ಲರಿಗೆ ಹೋಗಿ ಕೈಗೆ ವ್ಯಾಕ್ಸ್ ಮಾಡಿಸಿಕೊಂಡು ಬಂದಿದ್ದಳು. ಏನೂ ಅರಿಯದವನಂತೆ ಕೇಳಿದೆ, "ಅದೇನವ್ವ, ಅದನ್ನ ಹೆಂಗ ಮಾಡ್ತಾರ?"

"ಸಕ್ಕರಿ, ನಿಂಬಿಹಣ್ಣು ಕಾಸಿ ಪಾಕ ಮಾಡ್ತಾರಪ್ಪ. ಹಚ್ಚಿ, ಬಟ್ಟಿ ಅಂಟಿಸಿ, ಜರ್ ಅಂತ ಎಳೀತಾರ. ಕೂದಲು ಅಕ್ಕಿಕಾಳಿನಷ್ಟಾದ್ರೂ ಉದ್ದ ಇರಬೇಕು, ಇಲ್ಲಾಂದ್ರ ಬರಲ್ಲ. ಯಾಕ?"

"ಸುಮ್ನ ಕೇಳಿದೆ."

ಅಂದಿನಿಂದ ಲಾಳವನ್ನು ಬೆಳೆಯಲು ಬಿಟ್ಟೆ. ಬಸ್ಸಿನಲ್ಲಿ ಒಬ್ಬ ಅಜ್ಜಿ ಭಕ್ತಿಯಿಂದ, "ಯಾವ ದೇವರಿಗಪ್ಪ ಮುಡಿ ಬಿಟ್ಟೀದಿ?" ಎಂದು ಕೇಳಿದಳು. ಟಿಕೆಟ್ ಕೊಟ್ಟು ಮುಂದೆ ಸರಿದೆ.

ಆ ದಿನ ಬಂತು. ಬೀಗರಾಗುವವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬೆಳಿಗ್ಗೆ ಗಂಗಮ್ಮ ಹೂವು, ವೀಳ್ಯದೆಲೆ ತರಲು ಪೇಟೆಗೆ ಹೋದಳು. ಮಗಳು ಗೆಳತಿಯ ಮನೆಗೆ ಜಡೆ ಹೆಣೆಸಿಕೊಳ್ಳಲು ಹೋದಳು. ಅಡುಗೆಮನೆ ನನ್ನ ಪಾಲಿಗೆ ಖಾಲಿಯಾಯಿತು. ಸಕ್ಕರೆ ಡಬ್ಬಿಯನ್ನು ಮುಟ್ಟುವಂತಿರಲಿಲ್ಲ, ಅದು ಬೀಗರ ಬಾಯಿ ಸಿಹಿ ಮಾಡಲು ಮೀಸಲು. ಆದರೆ ಹೋಳಿಗೆಗೆಂದು ತಂದ ಬೆಲ್ಲವಿತ್ತು. ನನ್ನ ತಲೆಯಲ್ಲಿ ದೀಪ ಹೊತ್ತಿತು. ನಾಗರಪಂಚಮಿಗೆ ಶೇಂಗಾ ಉಂಡೆ ಕಟ್ಟುವುದು ಯಾವುದರಿಂದ? ಬೆಲ್ಲದ ಪಾಕದಿಂದ. ಆ ಉಂಡೆ ಹಲ್ಲನ್ನೇ ಕಿತ್ತುಕೊಂಡು ಬರುತ್ತದೆ. ಕೂದಲು ಯಾವ ಲೆಕ್ಕ!

ಬೆಲ್ಲ ಕುಟ್ಟಿ ಒಲೆಯ ಮೇಲಿಟ್ಟೆ. ಕುದಿಯುತ್ತಿದ್ದಂತೆ ಗಂಗಮ್ಮ ಮಾಡುವ ಹಾಗೆ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡಿದೆ. ಗೋಲಿಯಂತೆ ಗಟ್ಟಿಯಾಗಿ ತಳದಲ್ಲಿ ಕೂತಿತು. ಪಾಕ ಸಿದ್ಧ! ಹಳೆಯ ಯೂನಿಫಾರ್ಮ್ ಪ್ಯಾಂಟನ್ನು ಉದ್ದುದ್ದ ಪಟ್ಟಿ ಹರಿದಿಟ್ಟುಕೊಂಡೆ. ಪಾಕ ಉಗುರು ಬೆಚ್ಚಗಾದ ಮೇಲೆ ಎಡಗಿವಿಯ ಹಿಂದೆ ಸ್ವಲ್ಪ ಹಚ್ಚಿ, ಖಾಕಿ ಪಟ್ಟಿ ಅಂಟಿಸಿ, "ರೈಟ್!" ಎಂದು ನನಗೆ ನಾನೇ ಕೂಗಿಕೊಂಡು ಎಳೆದೆ.

ಅಯ್ಯಯ್ಯೋ! ಕಣ್ಣ ಮುಂದೆ ಉಚ್ಚಂಗಿದುರ್ಗ ಕಂಡಿತು.

ಆದರೆ ಕನ್ನಡಿ ಹಿಡಿದು ನೋಡಿದರೆ ಆ ಜಾಗ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಯಶಸ್ಸು! ಯಶಸ್ಸು ಮನುಷ್ಯನನ್ನು ಹಾಳು ಮಾಡುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಚೂರುಚೂರೇ ಯಾಕೆ ಎಂದು ಉಳಿದ ಲಾಳಕ್ಕೆಲ್ಲ ಒಟ್ಟಿಗೇ ಪಾಕ ಬಳಿದು, ಸುತ್ತಲೂ ಖಾಕಿ ಪಟ್ಟಿ ಅಂಟಿಸಿದೆ. ನೋವಿಗೆ ಧೈರ್ಯ ಬರಲೆಂದು ಒಂದು ಲೋಟ ಚಹಾ ಕುಡಿದೆ. ಅಲ್ಲೇ ಎಡವಿದ್ದು. ಚಹಾ ಮುಗಿಯುವಷ್ಟರಲ್ಲಿ ಪಾಕ ತನ್ನ ಧರ್ಮದಂತೆ ಚಿಕ್ಕಿಯಾಗಿತ್ತು. ಎಳೆದೆ, ಪಟ್ಟಿ ಬರಲಿಲ್ಲ. ಜೋರಾಗಿ ಎಳೆದೆ, ತಲೆಯೇ ಬಂತು.

ಅಷ್ಟರಲ್ಲಿ ಗಂಗಮ್ಮ ಬಂದಳು. ಹೊಸ್ತಿಲಲ್ಲೇ ಮೂಗು ಅರಳಿಸಿ, "ಪಂಚಮಿ ಇನ್ನೂ ದೂರ ಐತಿ, ಮನ್ಯಾಗ ಉಂಡಿ ವಾಸನಿ ಹೆಂಗ ಬಂತು?" ಎಂದಳು. ಆಮೇಲೆ ನನ್ನನ್ನು ನೋಡಿದಳು. ಕೈಯಲ್ಲಿದ್ದ ಹೂವಿನ ಪೊಟ್ಟಣ ಕೆಳಗೆ ಬಿತ್ತು.

"ಅಯ್ಯೋ ನನ್ ಶಿವನ! ಏನ್ರೀ ಇದು? ತಲಿಗೆ ಏನಾತ್ರಿ, ಬ್ಯಾಂಡೇಜಾ?"

"ಬೆಲ್ಲ."

"ಬೆಲ್ಲನಾ!"

ವಿಷಯ ತಿಳಿಸಿದೆ. ಅವಳು ನನ್ನ ಇಡೀ ವಂಶವನ್ನು ಒಂದೇ ಉಸಿರಿಗೆ ಸ್ಮರಿಸಿದಳು. ಆಮೇಲೆ ಕೈ ಹಿಡಿದು, "ಬಿಸಿನೀರು ಹಾಕಿದ್ರ ಕರಗತೈತಿ, ಬರ್ರಿ ಬಚ್ಚಲಿಗೆ ಲಗೂನ" ಎಂದು ಎಳೆದಳು. ಇನ್ನೇನು ಹೊಸ್ತಿಲು ದಾಟಬೇಕು, ಅಂಗಳದಲ್ಲಿ ದನಿ ಕೇಳಿತು: "ಅದೀರೇನ್ರೀ ಮನ್ಯಾಗ?"

ಬೀಗರು! ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಹರಪನಹಳ್ಳಿಯ ಬಸ್ಸು ಸಮಯಕ್ಕಿಂತ ಮೊದಲೇ ಬಂದದ್ದು ಅವತ್ತು ಮಾತ್ರ. ಅವತ್ತೇ ಯಾಕೆ ಬರಬೇಕಿತ್ತು ಎಂದು ಆ ಡ್ರೈವರನ್ನು ಆಮೇಲೆ ಕೇಳಿದೆ. "ನಿಮ್ ಬೀಗ್ರಂತ ಗೊತ್ತಾತು, ಅದಕ್ಕ ಎಲ್ಲೂ ನಿಲ್ಸದಂಗ ಬಂದ್ನಿ" ಎಂದ ಪುಣ್ಯಾತ್ಮ.

ನಮ್ಮ ಬಚ್ಚಲು ಅಂಗಳದಲ್ಲೇ ಇದೆ. ಬಂದವರು ಕಾಲು ತೊಳೆಯಲು ನೇರವಾಗಿ ಅಲ್ಲಿಗೇ ಬಂದರು. ನಾನು ಒಳಗೆ ಓಡಿ, ಪೆಟ್ಟಿಗೆಯಲ್ಲಿದ್ದ ನನ್ನಪ್ಪನ ಕಾಲದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು, ಎದೆ ಮುಂದೆ ಮಾಡಿ ಹೊರಗೆ ಬಂದೆ.

"ಬರ್ರಿ, ಬರ್ರಿ, ಕುಂದರ್ರಿ!"

ಹುಡುಗನ ತಂದೆಗೆ ರುಮಾಲು ನೋಡಿ ಭಾರೀ ಸಂತೋಷವಾಯಿತು. "ಈಗಿನ ಕಾಲದಾಗ ರುಮಾಲು ಸುತ್ತೋರು ಎಲ್ಲದಾರ? ದೊಡ್ಡ ಮನಿತನ" ಎಂದು ಹೊಗಳಿದರು. ಅವರ ತಾಯಿ ಹಾಲಮ್ಮಜ್ಜಿ ನನ್ನನ್ನೇ ದಿಟ್ಟಿಸಿ ನೋಡುತ್ತಾ ಚಾಪೆಯ ಮೇಲೆ ಸೊಸೆಯ ಪಕ್ಕ ಕೂತಳು. ಹುಡುಗ ಕ್ಯಾಪು ಹಾಕಿಕೊಂಡೇ ಒಳಗೆ ಬಂದು, "ಬಿಸಿಲು ಬಾಳ ಐತ್ರಿ" ಎಂದ. ಫ್ಯಾನಿನ ಕೆಳಗೆ ಎಂಥ ಬಿಸಿಲು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೀಗೆ ಇಬ್ಬರೂ ತಲೆ ಮುಚ್ಚಿಕೊಂಡು ಎದುರುಬದುರು ಕೂತೆವು.

ಮಗಳು ಹಿಂಬಾಗಿಲಿನಿಂದ ಬಂದು, ಸೀರೆ ಸರಿಮಾಡಿಕೊಂಡು, ಚಹಾ ತಂದುಕೊಟ್ಟಳು. ಎಲ್ಲರ ಮುಖವೂ ಅರಳಿತು. ಆಗ ಕರೆಂಟು ಹೋಯಿತು.

ನಮ್ಮ ಸೀಮೆಯ ಸೆಕೆ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ರುಮಾಲಿನೊಳಗೆ ಬೆಲ್ಲ ಬೆವರತೊಡಗಿತು. ಮೊದಲು ಒಂದು ನೊಣ ಬಂತು. ಅದು ಹೋಗಿ ತನ್ನ ಬಳಗಕ್ಕೆಲ್ಲ ಹೇಳಿತು. ಗಂಗಮ್ಮ ಬೀಸಣಿಗೆ ತಂದು ನನ್ನ ಪಕ್ಕದಲ್ಲಿ ನಿಂತು ಬಿರುಸಾಗಿ ಬೀಸತೊಡಗಿದಳು. ಹುಡುಗನ ತಾಯಿ ಮೆಚ್ಚುಗೆಯಿಂದ, "ನೋಡ್ರಿ, ಗಂಡನ ಮ್ಯಾಲೆ ಎಷ್ಟು ಪ್ರೀತಿ!" ಎಂದರು. ಗಂಗಮ್ಮ ಹಲ್ಲು ಕಚ್ಚಿಕೊಂಡು ನಕ್ಕಳು.

ಕೊನೆಗೆ ಹುಡುಗನ ತಂದೆ ಎದ್ದರು. "ನಮಗ ಹುಡುಗಿ ಒಪ್ಪಿಗಿ ಐತ್ರಿ. ಶಾಸ್ತ್ರ ಮುಗಿಸಾನು" ಎಂದು ಚೀಲದಿಂದ ಹೊಸ ರುಮಾಲು ತೆಗೆದರು. ಎಲೆ ಅಡಿಕೆ ಬದಲಿಸುವ ಮುಂಚೆ ಹೆಣ್ಣಿನ ತಂದೆಯ ತಲೆಗೆ ಬೀಗರು ರುಮಾಲು ಸುತ್ತಿ ಮರ್ಯಾದೆ ಮಾಡುವುದು ಅವರ ಮನೆತನದ ಪದ್ಧತಿಯಂತೆ. "ಹಳೇದು ತಗೀರಿ ಬೀಗ್ರ."

"ಇರ್ಲಿ ಬಿಡ್ರಿ, ಅದರ ಮ್ಯಾಲೇ ಸುತ್ರಿ."

"ಹೇ, ಹಳೇದರ ಮ್ಯಾಲೆ ಹೊಸಾದು ಸುತ್ತಬಾರದ್ರಿ" ಎಂದು ಅವರೇ ನನ್ನ ರುಮಾಲಿಗೆ ಕೈ ಹಾಕಿ ಎತ್ತಿದರು. ರುಮಾಲಿನ ಜೊತೆ ನಾನೂ ಎದ್ದೆ. ಬಿಟ್ಟರು, ಕೂತೆ. ಮತ್ತೆ ಎತ್ತಿದರು, ಮತ್ತೆ ಎದ್ದೆ. ಅವರು ಗಾಬರಿಯಾಗಿ ಒಂದು ಮಡಿಕೆ ಬಿಚ್ಚಿದಾಗ ಖಾಕಿ ಪಟ್ಟಿಯೊಂದು ಜೋತುಬಿತ್ತು. ರುಮಾಲು ಹೀರಿಕೊಂಡಿದ್ದ ಬೆಲ್ಲ ಹಣೆಯಿಂದ ಕಂದು ಬಣ್ಣದ ಧಾರೆಯಾಗಿ ಇಳಿದು, ಮೂಗಿನ ತುದಿಯಲ್ಲಿ ಒಂದು ಕ್ಷಣ ನಿಂತು, ವೀಳ್ಯದ ತಟ್ಟೆಗೆ ಬಿತ್ತು.

ಮುಗಿಯಿತು, ಈ ಸಂಬಂಧವನ್ನೂ ನನ್ನ ತಲೆಯೇ ನುಂಗಿತು ಅಂದುಕೊಂಡೆ. ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮಾತಾಡಿದ್ದು ಅವಳೇ. "ನಮ್ಮಪ್ಪ ನನ್ ಸಲುವಾಗಿ ಮಾಡ್ಕಂಡಾನ್ರಿ. ಅಪ್ಪನ ತಲಿ ನೋಡಿ ಹಡಗ್ಲಿ ಕಡ್ಯಾರು ನನ್ನ ಬ್ಯಾಡ ಅಂದ್ರು. ನನಗ ಗೊತ್ತಿಲ್ಲ ಅಂತ ತಿಳ್ಕಂಡಾನ. ನನಗ ಗೊತ್ತೈತಿ. ಇವತ್ತು ನೀವೂ ಬ್ಯಾಡ ಅಂದ್ರ ಅನ್ರಿ. ನಮ್ಮಪ್ಪನ ತಲಿ ಹಿಂಗೇ ಇರತೈತಿ" ಎಂದು ಹೇಳಿ ಅವಳು ನನ್ನ ಪಕ್ಕ ಬಂದು ನಿಂತಳು.

ಹಾಲಮ್ಮಜ್ಜಿ ಎದ್ದು ಬಂದಳು. ನನ್ನ ಹಣೆಗೆ ಬೆರಳು ಹಚ್ಚಿ, ಮೂಸಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದಳು. "ನಾವು ಬಾಯಿ ಸಿಹಿ ಮಾಡಾಕ ಬಂದ್ರ, ಬೀಗ್ರು ತಲಿಮ್ಯಾಲೆ ಬೆಲ್ಲ ಹೊತ್ಕಂಡು ಕುಂತಾರಲ್ಲೋ!" ನಕ್ಕು ಸಾಕಾದ ಮೇಲೆ ಮೊಮ್ಮಗನ ಕಡೆ ತಿರುಗಿ, "ಲೇ ಪ್ರಕಾಶ, ತಗಿಯಲೇ ಆ ಟೋಪಿ" ಎಂದಳು.

ಹುಡುಗ ನಾಚಿಕೊಂಡು ಕ್ಯಾಪು ತೆಗೆದ. ನೆತ್ತಿಯ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು, ಬಸ್ಸು ತಪ್ಪಿಸಿಕೊಂಡವರಂತೆ ನಿಂತಿದ್ದವು.

"ಇವನ ತಲಿ ನೋಡಿ ಎಷ್ಟು ಹುಡುಗ್ಯಾರು ಒಲ್ಲೆ ಅಂದ್ರು ಗೊತ್ತೇನಪ್ಪ?" ಎಂದಳು ಅಜ್ಜಿ. "ಕೊಟ್ಟೂರಾಗ ಒಂದು ಹುಡುಗಿ ಐತಿ, ಅವರಪ್ಪಂದು ಪೂರಾ ಬೋಳು ಅಂತ ಕೇಳಿದ ಮ್ಯಾಲೇನ ನಾವು ಇಲ್ಲಿಗೆ ಬಂದಿದ್ದು. ಮನ್ಯಾಗ ಬೋಳುತಲಿ ನೋಡಿ ಬೆಳದ ಕೂಸು ನಮ್ ಹುಡುಗನ್ನ ನೋಡಿ ನಗಲ್ಲ ಅಂತ. ನೀನು ರುಮಾಲು ಸುತ್ಕಂಡು ಬಂದಾಗ, ಅಯ್ಯೋ ಇವಗ ಕೂದಲದಾವೇನೋ ಅಂತ ನನ್ನೆದಿ ಧಸಕ್ ಅಂತು!"

ಅಂದರೆ ಇಷ್ಟೇ. ಈ ಸಂಬಂಧವನ್ನು ನಮ್ಮ ಮನೆ ಬಾಗಿಲಿಗೆ ಕರೆತಂದದ್ದು ನನ್ನ ಬೋಳುತಲೆ. ನಾನು ಮಾಡಿದ ಮಹತ್ಕಾರ್ಯವೆಂದರೆ ಅದನ್ನು ಮುಚ್ಚಿಟ್ಟದ್ದು!

ಆಮೇಲೆ ಬಚ್ಚಲಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಗಂಗಮ್ಮ ಬಿಸಿನೀರು ಸುರಿಯುತ್ತಿದ್ದರೆ ಹಾಲಮ್ಮಜ್ಜಿ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಪಟ್ಟಿ ನೆನೆಸಿ ಬಿಡಿಸಿದಳು. "ಕಣ್ಣು ಮುಚ್ಕಳಪ್ಪ, ನೀರು ಹೋದಾವು" ಎಂದು ಹಣೆಗೆ ಕೈ ಅಡ್ಡ ಹಿಡಿದಳು. ನನ್ನವ್ವ ಹೋದ ಮೇಲೆ ಯಾರೂ ನನ್ನ ತಲೆಯನ್ನು ಹಾಗೆ ತೊಳೆದಿರಲಿಲ್ಲ. ನನಗೆ ಅಳು ಬಂತು. ಬೆಲ್ಲದ ನೀರೆಂದು ಎಲ್ಲರೂ ತಿಳಿದುಕೊಂಡರು, ನಾನೂ ಹಾಗೇ ಬಿಟ್ಟೆ. ಮಗಳು ಒಪ್ಪಿಗೆಯೆಂದು ತಲೆಯಾಡಿಸಿದಳು, ಒದ್ದೆ ತಲೆಗೇ ಬೀಗರು ಹೊಸ ರುಮಾಲು ಸುತ್ತಿದರು, ವೀಳ್ಯ ಬದಲಾಯಿತು. ತಟ್ಟೆಯಲ್ಲಿ ಮೇಲಿದ್ದ ಎಲೆಗೆ ಸ್ವಲ್ಪ ಬೆಲ್ಲ ಅಂಟಿತ್ತು. ಶುಭ ಎಂದು ಅಜ್ಜಿ ತೀರ್ಪು ಕೊಟ್ಟಳು.

ಮದುವೆ ಚೆನ್ನಾಗಿ ಆಯಿತು. ಮಗಳು ಹರಪನಹಳ್ಳಿಯಲ್ಲಿ ಸುಖವಾಗಿದ್ದಾಳೆ. ಪ್ರತಿ ಪಂಚಮಿಗೆ ಹಾಲಮ್ಮಜ್ಜಿ ನನ್ನ ಬಸ್ಸಿಗೇ ಶೇಂಗಾ ಉಂಡೆಯ ಡಬ್ಬಿ ತಂದುಕೊಟ್ಟು, ಇಡೀ ಬಸ್ಸಿಗೆ ಕೇಳುವಂತೆ, "ತಿನ್ನಾಕ ಕೊಟ್ಟೀನಪ್ಪ, ತಲಿಗೆ ಹಚ್ಕಬ್ಯಾಡ!" ಎನ್ನುತ್ತಾಳೆ. ಅಂಥ ಮನೆಗೆ ಮಗಳನ್ನು ಸೇರಿಸಿದ ದೇವರಿಗೆ ಕೈ ಮುಗಿಯುತ್ತೇನೆ. ನೆತ್ತಿಯನ್ನು ಬಿಟ್ಟು ಹೋದ ಒಂದೊಂದು ಕೂದಲಿಗೂ ಕೈ ಮುಗಿಯುತ್ತೇನೆ. ಅವು ಹೋಗದಿದ್ದರೆ ಇವರು ಬರುತ್ತಿರಲಿಲ್ಲ.

ಮೊನ್ನೆ ಅಳಿಯ ಫೋನ್ ಮಾಡಿದ್ದ. ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, "ಮಾವಾರ, ನಂದೂ ಪೂರಾ ನುಣ್ಣಗ ಮಾಡ್ಕಂಬಿಡಾನು ಅಂತ ಅದೀನ್ರಿ. ನಿಮ್ಮ ಅನುಭವದಾಗ ಸಕ್ಕರಿ ಚೊಲೋನೋ, ಬೆಲ್ಲ ಚೊಲೋನೋ?" ಎಂದು ಕೇಳಿದ. ಓದಿದ ಮನುಷ್ಯನೊಬ್ಬ ನನ್ನ ತಲೆಯನ್ನು ನಂಬಿ ಸಲಹೆ ಕೇಳಿದ್ದು ಇದೇ ಮೊದಲು. ಗಂಟಲು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, "ನೋಡ್ರಿ ಅಳಿಯಂದ್ರ, ಮುಖ್ಯ ಅಂದ್ರ ಪಾಕದ ಹದ" ಎಂದು ಶುರುಮಾಡಿದೆ.

ಆ ಕಡೆಯಿಂದ ಮಗಳ ದನಿ ಬಂತು: "ಅಪ್ಪಾ, ಫೋನ್ ಇಡು."

ಇಟ್ಟೆ.