ಸೆಲಾ ಮತ್ತು ನಾಲ್ಕನೆಯ ಜ್ವರ

ಅರ್ಥ ಗೊತ್ತಿಲ್ಲದ ಪದ ಕಂಡರೆ ನನಗೆ ಮೈಯೆಲ್ಲ ಕಡಿಯುತ್ತದೆ. ಇದು ಕನ್ನಡ ಮೇಷ್ಟ್ರ ಕಾಯಿಲೆ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಪದಗಳ ಅರ್ಥ ಹೇಳಿ ಹೇಳಿ, ಮನೆಗೆ ಬಂದ ಮೇಲೂ ನಾಲಿಗೆ ಸುಮ್ಮನಿರುವುದಿಲ್ಲ. ಹೆಂಡತಿ ಸುಗುಣ "ಒಸಿ ಸುಮ್ಕಿರಿ" ಎಂದರೆ, ಆ 'ಒಸಿ' ಎಲ್ಲಿಂದ ಬಂತು ಎಂದು ಶುರುಮಾಡುವ ಪ್ರಾಣಿ ನಾನು. ಇಂಥವನಿಗೆ ಗಂಟುಬಿದ್ದದ್ದು 'ಸೆಲಾ' ಎಂಬ ಹೀಬ್ರೂ ಪದ. ಬೈಬಲ್ಲಿನ ಕೀರ್ತನೆಗಳಲ್ಲಿ ಸಾಲು ಮುಗಿದ ಕಡೆ ಅದು ಅಲ್ಲಲ್ಲಿ ಒಂಟಿಯಾಗಿ ಕೂತಿರುತ್ತದೆ. ಉಳಿದದ್ದನ್ನೆಲ್ಲ ಕನ್ನಡಕ್ಕೆ ತಂದ ಪುಣ್ಯಾತ್ಮರು ಇದೊಂದನ್ನು ಮುಟ್ಟದೆ ಹಾಗೇ ಬಿಟ್ಟಿದ್ದಾರೆ. ಏಕೆಂದರೆ ಅದರ ಅರ್ಥ ಯಾರಿಗೂ ಖಚಿತವಾಗಿ ಗೊತ್ತಿಲ್ಲ.

ನಾನೂ ಅದನ್ನು ಹಾಗೇ ಬಿಟ್ಟುಬಿಡಬಹುದಿತ್ತು, ಆದರೆ ಅವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಕ್ಕೂರಿನ ನಮ್ಮ ಮನೆಯಲ್ಲೇ ವರ್ಷದ ಪ್ರಾರ್ಥನೆ. ಸೆಲಾ ಬರುವ ಅವ್ವನ ಮೆಚ್ಚಿನ ಕೀರ್ತನೆಯನ್ನು ನಾನೇ ಓದಬೇಕೆಂದು ಅವಳ ಅಕ್ಕ, ನನ್ನ ದೊಡ್ಡಮ್ಮ, ಕನಕಪುರದಿಂದ ಫೋನಿನಲ್ಲೇ ಅಪ್ಪಣೆ ಕೊಟ್ಟರು. "ನಿಮ್ಮವ್ವ ಓದ್ತಿದ್ದಂಗೇ ಓದ್ಬೇಕು ಕಣಪ್ಪ. ಹೈವೇಲಿ ಬಸ್ಸು ಓಡುಸ್ದಂಗೆ ಓದ್ಬುಟ್ರೆ ನಾನು ಎದ್ದೋಯ್ತೀನಿ" ಎಂದರು. ದೊಡ್ಡಮ್ಮ ಹೇಳಿದರೆ ಎದ್ದು ಹೋಗುವವರೇ.

ಅವ್ವ ಓದುತ್ತಿದ್ದ ರೀತಿ ನನ್ನ ಕಣ್ಣ ಮುಂದೆಯೇ ಇದೆ. ಸಂಜೆ ಹಿಪ್ಪುನೇರಳೆ ಸೊಪ್ಪಿನ ವಾಸನೆಯ ಕೈಯಲ್ಲೇ ಬೈಬಲ್ ಬಿಚ್ಚುತ್ತಿದ್ದಳು. 'ಸೆಲಾ' ಬಂದೊಡನೆ ನಿಲ್ಲಿಸಿ, ತಲೆ ಎತ್ತಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಒಳಮನೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಜಿನುಗು ಮಳೆಯಂತೆ ಕೇಳುತ್ತಿತ್ತು. ಅವಳ ಮುಖ ಎಲ್ಲಿಯೋ ದೂರ ಹೋಗಿರುತ್ತಿತ್ತು. ಅವಳಿಗೆ ಆಗ ದೇವರು ಕಾಣುತ್ತಾನೆ ಎಂದೇ ನಾನು ನಂಬಿದ್ದೆ. ನನಗೂ ಕಾಣಲಿ ಎಂದು ಪಕ್ಕದಲ್ಲೇ ತಲೆ ಎತ್ತಿ ಕೂತರೆ ತೊಲೆಯ ಮೇಲಿನ ಹಲ್ಲಿ ಕಾಣುತ್ತಿತ್ತು.

ಅವಳಂತೆ ಓದುವುದು ಹೇಗೆ? ನಮ್ಮ ಪಾದ್ರಿಗಳನ್ನು ಕೇಳಿದೆ. "ಇಲ್ಲಿ ನಿಲ್ಲಿ, ವಾದ್ಯ ನುಡಿಯಲಿ ಅಂತ ಹಾಡುವವರಿಗೆ ಕೊಟ್ಟ ಸೂಚನೆ ಅಂತಾರೆ ಕೆಲವರು. ಎತ್ತು, ದನಿ ಎತ್ತು, ತಲೆ ಎತ್ತು ಅನ್ನೋ ಅರ್ಥ ಅಂತಾರೆ ಇನ್ನು ಕೆಲವರು. ಯಾವುದು ಸರಿ ಅಂತ ಆ ಕವಿಯನ್ನೇ ಕೇಳಬೇಕು" ಎಂದು ನಕ್ಕರು. ನಿಲ್ಲುವುದೋ, ಎತ್ತುವುದೋ? ಅವ್ವ ಬಿಟ್ಟುಹೋದ ಹುಳು ಸಾಕಣೆ ಈಗ ನನ್ನದೂ ಸುಗುಣಳದೂ. ಹುಳುಗಳಿಗೆ ಸೊಪ್ಪು ಹಾಕುವಾಗಲೂ ನಾನು ಇದನ್ನೇ ಗೊಣಗುತ್ತಿದ್ದೆ.

ಇದರ ಮೇಲೆ ಇನ್ನೊಂದು ಫಜೀತಿಯಾಯಿತು. ಪ್ರಾರ್ಥನೆಯ ದಿನವೇ ನಮ್ಮ ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತವು. ರೇಷ್ಮೆಹುಳು ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದಕ್ಕೆ ಸೊಪ್ಪು ಬೇಡ, ಸದ್ದು ಬೇಡ, ಘಾಟು ಬೇಡ. "ಜ್ವರ ಬಿಡೋಗಂಟ ಮನೇಲಿ ಒಗ್ಗರಣೆ ಹಾಕಂಗಿಲ್ಲ, ಊದಿನಕಡ್ಡಿ ಹಚ್ಚಂಗಿಲ್ಲ. ನಿಮ್ಮ ದೊಡ್ಡಮ್ಮನ್ಗೂ ಮೆಲ್ಲಗೆ ಅಳಕ್ಕೆ ಯೋಳಿ" ಎಂದು ಸುಗುಣ ಸಾರಿದಳು. ಮಾಂಸದ ಊಟವನ್ನು ಪಕ್ಕದ ಮನೆಯ ಹಿತ್ತಿಲಿಗೆ ಗಡೀಪಾರು ಮಾಡಿದೆವು. ಬಂದ ನೆಂಟರೆಲ್ಲ ಕಳ್ಳರ ಹಾಗೆ ತುದಿಗಾಲಲ್ಲಿ ಒಳಗೆ ಬಂದರು.

ಓದುವ ಮುಂಚೆ ಒಮ್ಮೆ ಒಳಮನೆಗೆ ಹೋದೆ. ತಟ್ಟೆಗಳ ತುಂಬ ಹುಳುಗಳು ಮೇವು ಬಿಟ್ಟು, ತಲೆಯನ್ನು ಮೇಲಕ್ಕೆತ್ತಿ, ಅಲುಗಾಡದೆ ಕೂತಿದ್ದವು. ಆ ಮಳೆಯ ಸದ್ದೂ ನಿಂತುಹೋಗಿತ್ತು. ಹುಟ್ಟಿದಾಗಿನಿಂದ ನೋಡಿದ ದೃಶ್ಯವೇ, ಆದರೂ ಅಂದು ನನ್ನ ಮೈ ಜುಮ್ಮೆಂದಿತು. ನಿಲ್ಲುವುದು, ಎತ್ತುವುದು ಎರಡನ್ನೂ ಒಟ್ಟಿಗೆ ಮಾಡಿಕೊಂಡು ಕೂತಿದ್ದವಲ್ಲ! ಆ ಹೀಬ್ರೂ ಕವಿ ರೇಷ್ಮೆಹುಳು ಕಂಡಿರಲಿಕ್ಕಿಲ್ಲ. ನಾನಂತೂ ಅವನಿಗೇ ಪಾಠ ಹೇಳುವ ಉತ್ಸಾಹದಲ್ಲಿ ಹೊರಗೆ ಬಂದೆ.

ಓದಿದೆ. ಸೆಲಾ ಬಂತು. ನಿಲ್ಲಿಸಿದೆ, ತಲೆ ಎತ್ತಿದೆ, ಕಣ್ಣು ಮುಚ್ಚಿದೆ. ಜ್ವರಕ್ಕೆ ಮುಂಚಿನ ದಿನಗಳಲ್ಲಿ ಹುಳುಗಳಿಗೆ ಹಸಿವು ಹೆಚ್ಚು. ಅವುಗಳ ಹೊಟ್ಟೆ ತುಂಬಿಸುವುದರಲ್ಲಿ ನನಗೂ ಸುಗುಣಳಿಗೂ ನಿದ್ದೆಯೇ ಇರಲಿಲ್ಲ. ಕಣ್ಣು ಮುಚ್ಚಿದ್ದೇ ತಡ, ಅವ್ವ ಸೊಪ್ಪಿನ ಕುಕ್ಕೆ ಹೊತ್ತು ತೋಟದ ಬದುವಿನ ಮೇಲೆ ಬರುತ್ತಿದ್ದಳು. ಬಿಸಿಲಿಗೆ ಸೊಪ್ಪು ಹೊಳೆಯುತ್ತಿತ್ತು. ನಾನು ಓಡಿಹೋಗಿ ಕುಕ್ಕೆಗೆ ಕೈಹಾಕಿದರೆ, ಅವ್ವ ಕೊಡಲೊಲ್ಲಳು. "ಯಾಕ್ಲಾ ನಿಲ್ಲುಸ್ಬುಟ್ಟೆ? ಓದು, ಎಲ್ರೂ ಕಾಯ್ತಾವ್ರೆ" ಎಂದಳು. ಅಷ್ಟರಲ್ಲಿ ಬೆನ್ನಿಗೆ ಚುರುಕ್ಕೆಂದಿತು. ಬೆಚ್ಚಿಬಿದ್ದು ಮುಂದಿನ ಸಾಲು ಓದಿದೆ.

ಓದಿ ಮುಗಿಸಿದೆ. ದೊಡ್ಡಮ್ಮ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಹತ್ತಿರ ಬಂದು ನನ್ನ ಕೆನ್ನೆ ಹಿಡಿದು, "ನಮ್ಮ ತಂಗಿನೇ ಬಂದು ಓದ್ದಂಗಾಯ್ತು ಕಣಪ್ಪ. ಅವಳೂ ಹಿಂಗೇ ಕಣ್ಮುಚ್ಕಂಡು ಎಲ್ಲೋ ಹೊಂಟೋಗ್ತಿದ್ಲು" ಎಂದು ಸದ್ದಿಲ್ಲದೆ ಅತ್ತರು. ಸುಗುಣ ಮಾತ್ರ ಪಾತ್ರೆ ಎತ್ತಿಡುತ್ತ ಕಿವಿಯಲ್ಲಿ, "ಗೊರಕೆ ಶುರುವಾಗಕ್ಕೆ ಮುಂಚೇನೇ ಚಿವುಟಿದ್ದು ನಾನು. ನೆಪ್ಪಿರ್ಲಿ" ಎಂದಳು.

ನನಗೆ ನಗು ಬಂತು. ಹಿಂದೆಯೇ ಅವ್ವನ ಆ ಮುಚ್ಚಿದ ಕಣ್ಣು ನೆನಪಾಯಿತು. ಕೋಳಿ ಕೂಗುವ ಮುಂಚೆ ಎದ್ದು, ಮನೆ, ತೋಟ, ಹುಳು ಎಂದು ದಿನವಿಡೀ ತಿರುಗುತ್ತಿದ್ದ ಅವ್ವ ಆ ಸೆಲಾದ ಹೊತ್ತು ಬಿಟ್ಟರೆ ಇನ್ನೆಲ್ಲೂ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಅವಳು ನೋಡುತ್ತಿದ್ದದ್ದು ದೇವರನ್ನೋ, ಬರೀ ನಿದ್ದೆಯನ್ನೋ, ಕೇಳಲು ಅವಳೇ ಇಲ್ಲ. ನಿದ್ದೆಯೇ ಆಗಿದ್ದರೆ ಇನ್ನೂ ಒಳ್ಳೆಯದು. ಅವಳನ್ನು ಎಬ್ಬಿಸದೆ ಪಕ್ಕದಲ್ಲಿ ಹಲ್ಲಿ ನೋಡುತ್ತ ಕೂತಿದ್ದೆನಲ್ಲ, ಅಷ್ಟು ಸಮಾಧಾನ ನನಗೆ ಸಾಕು.

ಆದರೆ ಸುದ್ದಿ ಹಬ್ಬಿಬಿಟ್ಟಿದೆ. ಮೇಷ್ಟ್ರ ಸೆಲಾದಲ್ಲಿ ಏನೋ ದೈವಿಕವಾದದ್ದು ಇದೆ ಎಂದು ಪಾದ್ರಿಗಳು ಈಗ ಚರ್ಚಿನಲ್ಲೂ ನನ್ನ ಕೈಯಲ್ಲೇ ಕೀರ್ತನೆ ಓದಿಸುತ್ತಾರೆ. ನಾನೂ ನಿಲ್ಲಿಸಿ, ತಲೆ ಎತ್ತಿ, ಕಣ್ಣು ಮುಚ್ಚುತ್ತೇನೆ. ಅವ್ವನನ್ನು ಒಂದು ಗಳಿಗೆ ನೋಡೋಣವೆಂದರೆ ಹಾಳು ನಿದ್ದೆ ಹತ್ತಿರವೇ ಸುಳಿಯುವುದಿಲ್ಲ. ನನ್ನ ಬೆನ್ನ ಹಿಂದಿನ ಬೆಂಚಿನಲ್ಲೇ ಸುಗುಣ ಬೆರಳು ಮಸೆಯುತ್ತ ಕೂತಿರುತ್ತಾಳೆ. ನಾನು ಪೂರ್ತಿ ಎಚ್ಚರವಾಗಿದ್ದೇನೆ ಎಂದರೆ ಅವಳು ನಂಬುವುದಿಲ್ಲ, ಚಿವುಟಿಯೇ ಬಿಡುತ್ತಾಳೆ.