ಮುಂದೆ ಆರು, ಹಿಂದೆ ಒಂಬತ್ತು

ನಮ್ಮ ಚಿಕ್ಕಮ್ಮನ ಕೈಯಲ್ಲಿ ಪಾಸಾದ ವಸ್ತು ಈ ಪ್ರಪಂಚದಲ್ಲಿ ಬಹಳ ಕಡಿಮೆ. ದೇವರು ಮಾಡಿ ಕಳಿಸಿದ್ದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾನು ಹುಟ್ಟಿದ ಮೂರನೇ ದಿನ ನನ್ನನ್ನು ನೋಡಲು ದಾವಣಗೆರೆಗೆ ಬಂದವಳು ಎರಡೂ ಕಿವಿ ಹಿಡಿದು ನೋಡಿ, "ಅಕ್ಕಾ, ಎಡಗಿವಿ ಒಂದು ನೂಲು ಕೆಳಗಿದೆ" ಎಂದಳಂತೆ. ನನ್ನಮ್ಮ ತಂಗಿಯ ಜೊತೆ ಆರು ತಿಂಗಳು ಮಾತು ಬಿಟ್ಟಳು. ಮುಂದೆ ನನಗೆ ಕನ್ನಡಕ ಬಂದಾಗ ಗೊತ್ತಾಯಿತು, ಚಿಕ್ಕಮ್ಮ ಹೇಳಿದ್ದು ಸರಿ. ಕನ್ನಡಕ ಇವತ್ತಿಗೂ ಎಡಕ್ಕೆ ವಾಲುತ್ತದೆ.

ಅವಳದ್ದೇನು ತಪ್ಪು ಹೇಳಿ? ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೂತವಳು. ನೆಲ್ಲಿಕಾಯಿ ಗಾತ್ರದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು, ಸರಿಯಿದ್ದರೆ ಈ ಟ್ರೇ, ಸರಿಯಿಲ್ಲದಿದ್ದರೆ ಆ ಟ್ರೇ. ನಿವೃತ್ತಿ ಬಂದದ್ದು ಕೆಲಸಕ್ಕೆ ಮಾತ್ರ, ಅಳತೆಗೆ ಬರಲಿಲ್ಲ. ಬಾಗಲಗುಂಟೆಯ ಅವಳ ಬೀದಿಗೆ ತರಕಾರಿ ಗಾಡಿ ಬಂದರೆ ಕಾಲು ಕೆಜಿ ಹುರುಳಿಕಾಯಿಗೆ ಅರ್ಧ ಗಂಟೆ. ಬಗ್ಗಿದ್ದು ಒಂದು ಕಡೆ, ಬಲಿತಿದ್ದು ಒಂದು ಕಡೆ, ನೆಟ್ಟಗಿದ್ದದ್ದು ಇನ್ನೊಂದು ಕಡೆ. ಮೊದಮೊದಲು ತರಕಾರಿಯವನು ಸಿಡುಕುತ್ತಿದ್ದ. ಈಗ ಅವಳು ವಿಂಗಡಿಸಿಟ್ಟ ಮೇಲೇ ಪಕ್ಕದ ಬೀದಿಗೆ ಹೋಗಿ, "ಚೆಕ್ ಆಗಿರೋ ಮಾಲು ಅಕ್ಕಾ" ಎಂದು ಐದು ರೂಪಾಯಿ ಹೆಚ್ಚಿಗೆ ಮಾರುತ್ತಾನೆ.

ಮದುವೆಯ ವಿಷಯವೂ ಹೀಗೇ ಆಯಿತು. ನೋಡಲು ಬಂದ ಒಬ್ಬ ವರ ಎಲ್ಲ ರೀತಿಯಲ್ಲೂ ಒಳ್ಳೆಯವನಿದ್ದನಂತೆ. ಅಜ್ಜ ಕರೆದು ಕೇಳಿದರೆ ಚಿಕ್ಕಮ್ಮ, "ಹುಡುಗ ಪರವಾಗಿಲ್ಲಪ್ಪ, ಆದ್ರೆ ಟಾಲರೆನ್ಸ್ ಇಲ್ಲ" ಎಂದಳು. ಅಜ್ಜ ಅದನ್ನು ತಾಳ್ಮೆ ಎಂದುಕೊಂಡು, ನಿನಗೇ ಇಲ್ಲವಲ್ಲಮ್ಮ ಎಂದು ನಿಟ್ಟುಸಿರು ಬಿಟ್ಟರು. ಕಾರ್ಖಾನೆಯ ಭಾಷೆಯಲ್ಲಿ ಅದು ಅಳತೆ ಎಷ್ಟು ಹೆಚ್ಚುಕಡಿಮೆಯಾದರೂ ನಡೆದೀತು ಎಂಬ ಮಿತಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಚಿಕ್ಕಮ್ಮ ಒಬ್ಬಳೇ ಉಳಿದಳು. ಅದರ ಬಗ್ಗೆ ಅವಳಿಗೆ ದೂರೂ ಇರಲಿಲ್ಲ.

ಇಂಥವಳ ಹತ್ತಿರ ಒಂದು ಸ್ಕೂಟರ್ ಇತ್ತು. ಹದಿಮೂರು ವರ್ಷದ ಹಳೆಯದು. ಹತ್ತು ವರ್ಷ ಕಾರ್ಖಾನೆಗೆ ಓಡಿ, ಅವಳು ನಿವೃತ್ತಳಾದ ಮೇಲೆ ಮನೆಯ ಕೆಳಗೆ ಮೂರು ವರ್ಷದಿಂದ ಹೊದಿಕೆ ಹೊದ್ದು ನಿಂತಿತ್ತು. ಆ ಕಟ್ಟಡದ ಓನರ್ ಹಳೆಯ ಬಾಗಲಗುಂಟೆಯವರು, ಈಗ ನಾಲ್ಕು ಅಂತಸ್ತು ಇರುವ ಜಾಗದಲ್ಲಿ ರಾಗಿ ಬೆಳೆದವರು. ಒಂದು ದಿನ ಬಂದು ಹೊದಿಕೆ ಎತ್ತಿ ನೋಡಿದರು.

"ಅಮ್ಮಾ, ಮೂರ್ ವರ್ಸ ಆಯ್ತು ಇಲ್ಲೇ ಕಟ್ಟಾಕಿದ್ದೀರ. ಎಮ್ಮೆ ಆಗಿದ್ರೆ ಆಲಾದ್ರೂ ಕೊಡೋದು. ಗುಜರಿಗೆ ಆಕ್ಬುಡಿ, ಬಾಡಿಗೆಯೋರು ಕಾರ್ ನಿಲ್ಲುಸ್ಬೇಕು ಅಂತಾವ್ರೆ."

"ಗುಜರಿಗೆ ಹಾಕೋಕಾಗಲ್ಲ" ಎಂದಳು ಚಿಕ್ಕಮ್ಮ.

"ಯಾಕೆ?"

"ಆಗಲ್ಲ, ಅಷ್ಟೆ."

ಮರುವಾರವೇ ಮೆಕ್ಯಾನಿಕ್ ಬಂದ, ಹೊಸ ಬ್ಯಾಟರಿ ಬಂತು, ಗಾಡಿ ಕೆಮ್ಮಿ ಕೆಮ್ಮಿ ಎದ್ದು ಕೂತಿತು. ಚಿಕ್ಕಮ್ಮ ಹೆಲ್ಮೆಟ್ ಹಾಕಿ ಹೊರಟೇಬಿಟ್ಟಳು. ಜಾಲಹಳ್ಳಿ ಕ್ರಾಸಿನಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದ.

ಅವನು ಮುಂದಿನ ನಂಬರ್ ಪ್ಲೇಟ್ ನೋಡಿದ. ಹಿಂದೆ ಹೋಗಿ ನೋಡಿದ. ಮತ್ತೆ ಮುಂದೆ ಬಂದ. ಎರಡೂ ಕಡೆ ಅಂಕಿಗಳು ಕನ್ನಡದಲ್ಲಿದ್ದವು. ಮುಂದೆ ಮೂರನೇ ಅಂಕಿ ೬, ಹಿಂದೆ ೯. ಯಾವಾಗಲೋ ಹಿಂದಿನ ಪ್ಲೇಟಿನ ಬಣ್ಣ ಮಾಸಿದೆ ಎಂದು ಬೋರ್ಡ್ ಬರೆಯುವವನ ಹತ್ತಿರ ಮತ್ತೆ ಬರೆಸಿದ್ದಳು, ಅವನು ಬಾಲವನ್ನು ತನಗೆ ತೋಚಿದಂತೆ ತಿರುಗಿಸಿದ್ದ.

"ಏನ್ ಮೇಡಂ ಇದು? ಮುಂದೆ ಒಂದು ಗಾಡಿ, ಹಿಂದೆ ಒಂದು ಗಾಡಿ."

"ಮಧ್ಯದಲ್ಲಿರೋಳು ನಾನೊಬ್ಬಳೇ ಸಾರ್" ಎಂದಳಂತೆ ಚಿಕ್ಕಮ್ಮ.

"ಎರಡರಲ್ಲಿ ಸರಿ ಯಾವ್ದು?"

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದದ್ದನ್ನು ಹೇಳಿ ಪಾರಾಗುತ್ತಿದ್ದರು. ಚಿಕ್ಕಮ್ಮ ಮಾತ್ರ, "ದಾಖಲೆ ನೋಡದೆ ನಾನು ಹೇಳಲ್ಲ" ಎಂದಳು. ಸರಿ, ದಾಖಲೆ ತೋರಿಸಿ ಎಂದ. ದಾಖಲೆ ಇರಲಿಲ್ಲ. ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ ಎಲ್ಲ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿತ್ತು, ಆ ಫೈಲನ್ನು ಬಹಳ ಭದ್ರವಾದ ಜಾಗದಲ್ಲಿ ಇಟ್ಟಿದ್ದಳು, ಎಷ್ಟು ಭದ್ರವೆಂದರೆ ಅವಳಿಗೂ ಸಿಗದಷ್ಟು. ಪೊಲೀಸನಿಗೆ ಅವಳ ವಯಸ್ಸು ನೋಡಿ ಪಾಪ ಎನಿಸಿರಬೇಕು. "ಅಮ್ಮ, ಇದನ್ನ ಮನೇವರೆಗೂ ತಳ್ಕೊಂಡು ಹೋಗಿ. ಹೊಸ ಪ್ಲೇಟ್ ಹಾಕ್ಸೋವರೆಗೂ ರೋಡಿಗೆ ತರ್ಬೇಡಿ" ಎಂದು ಬಿಟ್ಟ. ತಳ್ಳಿಕೊಂಡು ಬಂದಳು. ಬಂದವಳೇ ನನಗೆ ಫೋನ್ ಮಾಡಿದಳು.

"ನೀನು ಕಂಪ್ಯೂಟರ್ ಕೆಲಸ ಮಾಡೋಳು ತಾನೇ? ನನಗೆ ನಂಬರ್ ಪ್ಲೇಟ್ ಬೇಕು."

ಮಹದೇವಪುರದಲ್ಲಿ ಒಂದು ಕಂಪನಿಯ ಸಂಬಳದ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವವಳು ನಾನು. ನನಗೂ ನಂಬರ್ ಪ್ಲೇಟಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಶನಿವಾರ ಹೋದೆ.

ಮೊದಲ ಕೆಲಸ ಫೈಲ್ ಹುಡುಕುವುದು. ಅಕ್ಕಿ ಡಬ್ಬಿ, ಹಾಸಿಗೆಯ ಕೆಳಗೆ, ದೇವರ ಫೋಟೋದ ಹಿಂದೆ, ಹಳೆಯ ಗ್ರೈಂಡರಿನ ಹೊಟ್ಟೆಯೊಳಗೆ. ಸಂಜೆಯ ತನಕ ಏನೇನು ಸಿಕ್ಕಿತು ಗೊತ್ತೇ? ಈಗ ಇಲ್ಲದ ಮಿಕ್ಸಿಯ ಗ್ಯಾರಂಟಿ ಕಾರ್ಡ್, ಕಟ್ಟಡವೇ ಇಲ್ಲವಾದ ಚಿತ್ರಮಂದಿರದ ಎರಡು ಟಿಕೆಟ್, ನಾನು ಆರನೇ ಕ್ಲಾಸಿನ ರಜೆಗೆ ಇಲ್ಲಿಗೆ ಬಂದಾಗ ಅಮ್ಮನಿಂದ ಬಚ್ಚಿಟ್ಟಿದ್ದ ಗಣಿತದ ಅಂಕಪಟ್ಟಿ. ಆರ್‌ಸಿ ಮಾತ್ರ ಇಲ್ಲ. ಚಿಕ್ಕಮ್ಮ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಹದಿನೇಳಾ?" ಎಂದಳು.

ಹಾಗಾಗಿ ಭಾನುವಾರ ಅಂತರ್ಜಾಲದಲ್ಲಿ ಪ್ರಯತ್ನ ಶುರುವಾಯಿತು. ಹೊಸ ಪ್ಲೇಟಿಗೆ ಗಾಡಿಯ ನಂಬರ್ ಬೇಕು, ಜೊತೆಗೆ ಚಾಸಿಸ್ ನಂಬರ್, ಅಂದರೆ ಗಾಡಿಯ ಅಸ್ಥಿಪಂಜರದ ಮೇಲೆ ಕಂಪನಿಯವರು ಗುದ್ದಿರುವ ಸಂಖ್ಯೆ, ಅದೂ ಬೇಕು. ಸಂಖ್ಯೆಯ ಮೇಲೆ ಹತ್ತು ವರ್ಷದ ಎಣ್ಣೆ, ಧೂಳು ಸೇರಿ ಬೆಲ್ಲದ ಹಾಗೆ ಅಂಟಿತ್ತು. ಚಿಕ್ಕಮ್ಮ ದಿನಪತ್ರಿಕೆ ಹಾಸಿ ಗಾಡಿಯ ಪಕ್ಕ ಮಲಗಿಯೇಬಿಟ್ಟಳು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳ್ಳನೆಯ ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಮೆಲ್ಲಗೆ ಉಜ್ಜಿದಳು. ಕಾಗದದ ಮೇಲೆ ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು. ಓನರ್ ಬಗ್ಗಿ ನಿಂತು ನೋಡುತ್ತಿದ್ದರು. "ಇವಮ್ಮ ಎದ್ದೇಳೋವರ್ಗೂ ನಾನ್ ಇಲ್ಲೇ ಇರ್ತೀನಿ, ಸೊಂಟ ಇಡ್ಕಂಡ್ರೆ ಯಾರಾದ್ರೂ ಎತ್ಬೇಕಲ್ಲ" ಎಂದರು.

ಚಾಸಿಸ್ ನಂಬರ್ ಹಾಕಿ, ಗಾಡಿಯ ನಂಬರಿನಲ್ಲಿ ಒಂಬತ್ತು ಒತ್ತಿದೆ. ಹೊಂದುತ್ತಿಲ್ಲ ಎಂದಿತು. ಆರು ಒತ್ತಿದೆ. ಒಪ್ಪಿಕೊಂಡಿತು. ನಾನು ಗೆದ್ದವಳಂತೆ ಚಿಕ್ಕಮ್ಮನ ಮುಖ ನೋಡಿ, ಮಾಲೀಕರ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದೆ. ಹೊಂದುತ್ತಿಲ್ಲ.

ಇನಿಶಿಯಲ್ ಮುಂದೆ ಹಾಕಿದೆ. ಹಿಂದೆ ಹಾಕಿದೆ. ಅಜ್ಜನ ಹೆಸರು ಪೂರ್ತಿ ಬರೆದೆ. ಊರಿನ ಹೆಸರು ಸೇರಿಸಿದೆ. ಒಂದು ಎಚ್ ತೆಗೆದೆ. ಚಿಕ್ಕಮ್ಮ ಪಕ್ಕದಲ್ಲಿ ಕೂತು ನಾನು ಒದ್ದಾಡುವುದನ್ನು ಮುಕ್ಕಾಲು ಗಂಟೆ ನೋಡಿದಳು. ಕೊನೆಗೆ ಹೇಳಿದಳು:

"ಆರ್‌ಸೀಲಿ ನನ್ನ ಹೆಸರಿಲ್ಲ ಕಣೇ."

"ಮತ್ತೆ ಯಾರದ್ದು?"

"ಸರೋಜಂದು."

ಸರೋಜಮ್ಮ ನನಗೆ ಗೊತ್ತು. ಕಾರ್ಖಾನೆಯಲ್ಲಿ ಚಿಕ್ಕಮ್ಮನ ಗೆಳತಿ, ಹಿಂದಿನ ಬೀದಿಯಲ್ಲಿದ್ದವರು. ಅವರು ಹಿಂದಿನ ಸೀಟಿನಲ್ಲಿ ಕೂತು ಚಿಕ್ಕಮ್ಮನ ಜೊತೆ ಹೋಗುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬಲಗೈ ಯಾವಾಗಲೂ ಸೆರಗಿನೊಳಗೆ ಇರುತ್ತಿತ್ತು. ಗಾಡಿ ಚಿಕ್ಕಮ್ಮನದು, ಹಿಂದೆ ಕೂರುವವರು ಸರೋಜಮ್ಮ ಎಂದೇ ನಾವೆಲ್ಲ ತಿಳಿದಿದ್ದೆವು. ಅವರೀಗ ಊರಿನ ಆ ತುದಿಯಲ್ಲಿ, ಸಿಂಗಸಂದ್ರದಲ್ಲಿ ತಮ್ಮನ ಮನೆಯಲ್ಲಿದ್ದರು.

ಮಾಲೀಕರು ಬೇರೆಯಾದ ಮೇಲೆ, ಕಳೆದುಹೋದ ಆರ್‌ಸಿಯ ಬದಲು ಇನ್ನೊಂದು ಪ್ರತಿ ತೆಗೆಸಲು ಅವರ ಸಹಿಯೇ ಬೇಕು. ಮುಂದಿನ ವಾರ ಇಬ್ಬರೂ ಮೆಟ್ರೋ ಹತ್ತಿದೆವು. ಅರ್ಧ ದಾರಿಯವರೆಗೆ ಚಿಕ್ಕಮ್ಮ ಮೆಟ್ರೋ ಬಾಗಿಲುಗಳ ಸಂದು ಸಮವಾಗಿಲ್ಲ ಎನ್ನುತ್ತಿದ್ದಳು. ಆಮೇಲೆ ಕಿಟಕಿಯಾಚೆ ನೋಡುತ್ತಾ ತಾನಾಗಿಯೇ ಹೇಳಿದಳು.

"ಅವಳು ಆಸೆಪಟ್ಟು ತಗೊಂಡ ಗಾಡಿ ಅದು. ನಮ್ಮ ಫ್ಯಾಕ್ಟರೀಲಿ ಸ್ವಂತ ಗಾಡಿ ತಗೊಂಡ ಮೊದಲನೇ ಹೆಂಗಸು. ಭಾನುವಾರ ಬಂದು ಪೀಣ್ಯದ ಖಾಲಿ ರೋಡಲ್ಲಿ ಕಲೀತಿದ್ಲು. ಆರು ದಿನ ಓಡಿಸಿರಬೇಕು. ಆಮೇಲೆ ತಗಡು ಒತ್ತೋ ಪ್ರೆಸ್ ಮಿಷನ್ನಿಗೆ ಕೈ ಸಿಕ್ತು. ಮೂರು ಬೆರಳು ಹೋಯ್ತು."

ಒಂದು ನಿಲ್ದಾಣ ಬಂದು ಹೋದ ಮೇಲೆ ಮುಂದುವರಿಸಿದಳು.

"ಆಕ್ಸಿಲರೇಟರ್ ಬಲಗಡೆ ತಾನೇ ಇರೋದು. ಗಾಡೀನ ಮಾರಿಬಿಡ್ತೀನಿ, ನೋಡೋಕಾಗಲ್ಲ ಅಂದ್ಲು. ನಾನಂದೆ, ಮಾರಬೇಡ, ನಾನು ಓಡಿಸೋದು ಕಲೀತೀನಿ, ನೀನು ಹಿಂದೆ ಕೂತ್ಕೋ. ನನಗೆ ಆಗ ಸೈಕಲ್ಲೂ ಬರ್ತಿರಲಿಲ್ಲ."

ಹತ್ತು ವರ್ಷ ಅವಳು ದಿನವೂ ಬೆಳಗ್ಗೆ ಹಿಂದಿನ ಬೀದಿಗೆ ಹೋಗಿ ಸರೋಜಮ್ಮನನ್ನು ಕೂರಿಸಿಕೊಂಡು ಹೋಗಿದ್ದಳು. ಹೆಸರು ಬದಲಾಯಿಸಿಕೋ ಎಂದು ಅವರು ಎಷ್ಟು ಹೇಳಿದರೂ ಒಪ್ಪಿರಲಿಲ್ಲ. ಕಳೆದ ತಿಂಗಳು ಸರೋಜಮ್ಮ ಫೋನಿನಲ್ಲಿ, "ನಮ್ಮ ಗಾಡಿ ಇದ್ಯೇನೇ ಇನ್ನೂ?" ಎಂದು ಕೇಳಿದ್ದರಂತೆ. ಅದಕ್ಕೇ ಹೊಸ ಬ್ಯಾಟರಿ, ಗಾಡಿ ತೋರಿಸಲು ಸಿಂಗಸಂದ್ರಕ್ಕೆ ಹೊರಟದ್ದಕ್ಕೇ ಜಾಲಹಳ್ಳಿ ಕ್ರಾಸು.

ಸರೋಜಮ್ಮ ನಮ್ಮನ್ನು ಕಂಡು ಕಾಫಿ ಕೊಟ್ಟು, ವಿಷಯ ಕೇಳಿ ನಕ್ಕರು. "ನಂಬರ್ ತಪ್ಪಾಗಿರೋದು ಇವಳ ಕಣ್ಣಿಗೆ ಬೀಳಲಿಲ್ವಾ? ಹತ್ತು ತಿಂಗಳು ನನ್ನ ಅಕ್ಷರಾನ ರಿಜೆಕ್ಟ್ ಮಾಡಿದೋಳು ಇವಳು."

"ಯಾವ ಅಕ್ಷರ?" ಎಂದೆ.

"ಎಡಗೈಲಿ ಬರೆಯೋದು ಕಲಿಸಿದ್ದು ಯಾರು ಅಂದ್ಕೊಂಡಿದ್ದೀಯ? ದಿನಾ ಊಟದ ಹೊತ್ತಲ್ಲಿ ಎರಡು ಪುಟ ಕಾಪಿ ಬರೀಬೇಕು. ಸೊಟ್ಟ ಆದ್ರೆ ಮತ್ತೆ ಬರಿ. ಮೊಸರನ್ನ ತಣ್ಣಗಾಗೋದು."

"ಮೊಸರನ್ನ ಮೊದಲೇ ತಣ್ಣಗಿರುತ್ತೆ" ಎಂದಳು ಚಿಕ್ಕಮ್ಮ.

ಸಾರಿಗೆ ಕಚೇರಿಗೆ ಮೂವರೂ ಹೋದ ದಿನ ನಾನು ರಜೆ ಹಾಕಿದ್ದೆ. ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ಪೆನ್ಸಿಲ್ ಉಜ್ಜಿದ ಕಾಗದ, ಹೊಸ ವಿಮೆ ಎಲ್ಲ ಸರಿಯಿತ್ತು. ಕೌಂಟರಿನಲ್ಲಿದ್ದ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನೂ ಅರ್ಜಿಯನ್ನೂ ಎರಡು ಸಲ ನೋಡಿದರು.

"ಸಹಿ ಹೊಂದ್ತಿಲ್ಲ ಅಮ್ಮ. ಹಳೇದು ಬೇರೆ ಥರ ಇದೆ. ಇದು ನಿಮ್ಮದೇನಾ?"

ಚಿಕ್ಕಮ್ಮ ಜಗಳಕ್ಕೆ ಸಿದ್ಧಳಾಗಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಸರೋಜಮ್ಮ ಸೆರಗಿನೊಳಗಿಂದ ಬಲಗೈ ತೆಗೆದು ಕೌಂಟರಿನ ಮೇಲಿಟ್ಟರು. ಹೆಬ್ಬೆರಳೂ ಕಿರುಬೆರಳೂ ಮಾತ್ರ ಇದ್ದ ಆ ಕೈಯನ್ನು ನಾನೂ ಅವತ್ತೇ ಮೊದಲು ನೋಡಿದ್ದು.

ಗುಮಾಸ್ತರು ಪರದೆಯಿಂದ ಕಣ್ಣು ತೆಗೆದರು. "ಕೂತ್ಕೊಳ್ಳಿ ಅಮ್ಮ" ಎಂದು ಎದ್ದು ಒಳಗೆ ಹೋದರು. ಹತ್ತು ನಿಮಿಷಕ್ಕೆ ಬಂದು, "ಸಾಹೇಬರು ಒಪ್ಪಿದ್ದಾರೆ. ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ" ಎಂದು ಮಸಿಯ ಡಬ್ಬಿ ಮುಂದಿಟ್ಟರು.

"ನನಗೆ ಬರೆಯೋಕೆ ಬರುತ್ತೆ" ಎಂದರು ಸರೋಜಮ್ಮ.

ಅವರು ಎಡಗೈಯಲ್ಲಿ ಪೆನ್ನು ಹಿಡಿದು, ಗುಮಾಸ್ತರ ಎದುರಿಗೇ ಮೂರು ಸಲ ಸಹಿ ಮಾಡಿದರು. ನಿಧಾನವಾಗಿ, ಒಂದೊಂದೇ ಅಕ್ಷರ, ಶಾಲೆಯ ಕಾಪಿ ಪುಸ್ತಕದಲ್ಲಿ ಇರುವಷ್ಟು ದುಂಡಗೆ. ಹಿಂದಿನ ಸಾಲಿನಲ್ಲಿ ನಿಂತವರು ಯಾರೂ ಅವಸರ ಮಾಡಲಿಲ್ಲ. ಚಿಕ್ಕಮ್ಮ ಮಾತ್ರ ಅತ್ತ ನೋಡದೆ, ತಲೆ ಮೇಲೆತ್ತಿ ಸೂರಿನ ಫ್ಯಾನನ್ನೇ ನೋಡುತ್ತಿದ್ದಳು.

ಆರ್‌ಸಿ ಬಂತು. ಕೆಲವು ವಾರಕ್ಕೆ ಪ್ಲೇಟುಗಳೂ ಬಂದವು. ಅವನ್ನು ಕೂರಿಸಿದ ದಿನ ಸರೋಜಮ್ಮ ಬಂದು ಚಿಕ್ಕಮ್ಮನ ಮನೆಯಲ್ಲೇ ಉಳಿದರು, ಜೊತೆಗೆ ಹೆಸರು ಬದಲಾಯಿಸುವ ಅರ್ಜಿಯನ್ನು ತುಂಬಿಯೇ ತಂದಿದ್ದರು. ಚಿಕ್ಕಮ್ಮ ಅದನ್ನು ಓದಿ, ಮಡಚಿ, ವಾಪಸ್ ಅವರ ಬ್ಯಾಗಿಗೆ ಹಾಕಿದಳು. "ನಾಳೆ ಬೆಳಗ್ಗೆ ಬೇಗ ಏಳು" ಎಂದಳು.

ಮರುದಿನ ಭಾನುವಾರ. ಪೀಣ್ಯದ ಒಳರಸ್ತೆಯಲ್ಲಿ ಕಾರ್ಖಾನೆಗಳ ಗೇಟು ಮುಚ್ಚಿದ್ದವು. ಎರಡು ನಾಯಿ, ಒಬ್ಬ ವಾಚ್‌ಮನ್ ಬಿಟ್ಟರೆ ಯಾರೂ ಇಲ್ಲ. ಚಿಕ್ಕಮ್ಮ ಗಾಡಿ ನಿಲ್ಲಿಸಿ ಇಳಿದಳು, ಹಿಂದೆಯೇ ಆಟೋದಲ್ಲಿ ಬಂದ ನಾನೂ ಇಳಿದೆ.

"ಮುಂದೆ ಕೂತ್ಕೋ."

"ನಿನಗೇನು ತಲೆ ಕೆಟ್ಟಿದ್ಯಾ? ಬಲಗೈ?"

"ಬಲಗೈ ನಾನು ಕೊಡ್ತೀನಿ. ಕೂತ್ಕೋ ಸರೋಜಾ."

ಸರೋಜಮ್ಮ ನನ್ನನ್ನು ನೋಡಿದರು. ಬೇಡ ಎನ್ನಬೇಕಾದ ವಯಸ್ಸು ನನ್ನದೇ ಆಗಿತ್ತು, ಆದರೆ ನಾನು ಗಾಡಿ ಅಲುಗದಂತೆ ಹಿಡಿದುಕೊಂಡೆ. ಅವರು ಸೆರಗು ಸೊಂಟಕ್ಕೆ ಬಿಗಿದು ಮುಂದೆ ಕೂತರು. ಎಡಗೈ ಎಡ ಹಿಡಿಕೆಯ ಮೇಲೆ, ಬಲಗೈಯ ಅಂಗೈ ಬಲ ಹಿಡಿಕೆಯ ಒಳಬದಿಗೆ. ಚಿಕ್ಕಮ್ಮ ಹಿಂದೆ ಒತ್ತಿ ಕೂತು, ಅವರ ಪಕ್ಕದಿಂದ ಕೈ ಚಾಚಿ ಆಕ್ಸಿಲರೇಟರ್ ಹಿಡಿದಳು. ಅರವತ್ತು ದಾಟಿದ ಇಬ್ಬರು, ಒಂದು ಸ್ಕೂಟರ್, ಎರಡು ಹೆಲ್ಮೆಟ್. ಗಾಡಿ ಒಮ್ಮೆ ಅಲುಗಾಡಿ, ಚರಂಡಿಯ ಕಡೆಗೆ ವಾಲಿ, ನೆಟ್ಟಗಾಯಿತು. ನಡೆಯುವವರಷ್ಟೇ ವೇಗದಲ್ಲಿ ಮುಂದೆ ಹೋಯಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕದಲ್ಲೇ ಓಡಿದೆ.

"ಇನ್ನೂ ಸ್ವಲ್ಪ" ಎಂದರು ಸರೋಜಮ್ಮ, ಹಿಂದೆ ತಿರುಗದೆ.

ಚಿಕ್ಕಮ್ಮ ಕೊಟ್ಟಳು.