ಬಿಸಿಲಿಗಿಟ್ಟ ಬೋರ್ಡು

ತಪ್ಪು ಯಾರದೆಂದು ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿಬೀಳುವವನು ಪೇಂಟರ್. ಪ್ರವಾಸಿಗರ ಹಾಸ್ಟೆಲಿನ ಬೋರ್ಡಿಗೆ ಹೊಸ ಬಣ್ಣ ಬಳಿದವನು ಅದನ್ನು ಅಲ್ಲೇ ಒಣಗಲು ಬಿಡಬಹುದಿತ್ತು. ಆದರೆ ಹಾಸ್ಟೆಲಿನ ಮುಂದೆ ನೆರಳು, ಪಕ್ಕದ ಮನೆಯ ಗೇಟಿನ ಮೇಲೆ ಚುರುಚುರು ಬಿಸಿಲು. ಬೋರ್ಡನ್ನು ಹೊತ್ತು ತಂದು ಪಕ್ಕದ ಗೇಟಿಗೆ ಒರಗಿಸಿ, ಚಹಾ ಕುಡಿಯಲು ಹೋದ.

ಸ್ವಲ್ಪ ಹೊತ್ತಿಗೆ ಬೆನ್ನಿಗೆ ಚೀಲ ಹೊತ್ತ ಪ್ರಶ್ನೆಪತ್ರಿಕೆ ಆ ಗೇಟಿನ ಮುಂದೆ ಬಂದು ನಿಂತ.

ಪ್ರಶ್ನೆಪತ್ರಿಕೆ ಎಂಬುದು ಅವನ ಅಡ್ಡಹೆಸರು. ಗ್ರಂಥಾಲಯದ ಗುಮಾಸ್ತ, ವಯಸ್ಸು ನಲವತ್ತೆಂಟು. ಪುಸ್ತಕಕ್ಕೆಂದು ಬಂದವರನ್ನು ಊರು ಯಾವುದು, ಮಕ್ಕಳೆಷ್ಟು, ಊಟ ಸೇರುತ್ತದೆಯೇ ಎಂದೆಲ್ಲ ಕೇಳಿ ಪುಸ್ತಕ ಕೊಡುವುದನ್ನೇ ಮರೆಯುವ ಮನುಷ್ಯ. ಬೇರೆಯವರು ಹೇಗೆ ಬದುಕುತ್ತಾರೆ ಎಂಬ ಕುತೂಹಲ ಅವನಿಗೆ ಹೊಟ್ಟೆಹಸಿವಿನಷ್ಟೇ ದೊಡ್ಡದು. ಪಾಪ, ಇಷ್ಟು ವರ್ಷದಲ್ಲಿ ಅವನು ಕಂಡ ಪರಊರೆಂದರೆ ಅತ್ತೆಮನೆಯೊಂದೇ. ಹಾಗಿರುವಾಗ, ದಿನಕ್ಕೆ ನಾಲ್ಕು ಗಂಟೆ ದುಡಿದುಕೊಟ್ಟರೆ ಮಲಗಲು ಪುಕ್ಕಟೆ ಮಂಚ ಕೊಡುವ ಹಾಸ್ಟೆಲುಗಳಿವೆ ಎಂಬ ಸುದ್ದಿ ಕಿವಿಗೆ ಬಿತ್ತು. ದೇಶದೇಶದ ಜನ ಬಂದಿಳಿಯುವ ಜಾಗ! ತಕ್ಷಣ ಒಂದು ಹಾಸ್ಟೆಲಿಗೆ ಬರೆದ. ಉತ್ತರವೂ ಬಂತು: "ಒಂದೇ ಮಂಚ ಖಾಲಿ ಇದೆ. ಸೋಮವಾರ ಹತ್ತು ಗಂಟೆಯೊಳಗೆ ಕೆಲಸಕ್ಕೆ ಇಳಿದರೆ ಒಂದು ವಾರ ಅದು ನಿಮ್ಮದು. ತಡವಾದರೆ ಬೇರೆಯವರಿಗೆ. ಹೇಳಿಸಿಕೊಳ್ಳದೆ ಕೆಲಸ ಹಿಡಿಯುವವರು ನಮಗಿಷ್ಟ. ನಮ್ಮ ಹಾಸ್ಟೆಲ್ ಥೇಟ್ ಮನೆಯಂತೆಯೇ ಇರುತ್ತದೆ."

ಮಂಚ ಕೈತಪ್ಪಿದರೆ ಸಂಜೆಯ ಬಸ್ಸಿಗೆ ಮನೆಗೆ ವಾಪಸ್. ಬೇರೆ ಕಡೆ ಇಳಿದುಕೊಳ್ಳುವಷ್ಟು ಶಕ್ತಿ ಅವನ ಜೇಬಿಗಿರಲಿಲ್ಲ. ಮೂರು ವರ್ಷ ಕೂಡಿಟ್ಟ ರಜೆಯೆಲ್ಲ ನೀರಿನಲ್ಲಿ ಹೋಮ.

ಬೋರ್ಡು ಓದಿದ. ಗಡಿಯಾರ ನೋಡಿದ. ಹತ್ತಕ್ಕೆ ಏಳು ನಿಮಿಷವಿತ್ತು. ಒಳಗೆ ನುಗ್ಗಿದ.

ಆ ಮನೆಯಲ್ಲಿ ಹನ್ನೊಂದು ಜನ, ಮತ್ತು ಹನ್ನೊಂದು ಜನರೂ ಬೆಳಗಿನಿಂದ ಒಬ್ಬರ ದಾರಿ ಕಾಯುತ್ತಿದ್ದರು. ಮನೆಯ ಕಿರಿಮಗಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಒಪ್ಪಿದ್ದ, ಹುಡುಗನ ತಾಯಿ ಒಪ್ಪಿದ್ದಳು. ಹುಡುಗನ ತಂದೆ ಒಬ್ಬರು ಬಂದು ಹೂಂ ಅನ್ನಬೇಕಿತ್ತು. ಅವರನ್ನು ಯಾರೂ ಕಂಡವರಿಲ್ಲ. ಸಂಬಂಧ ತಂದ ಸೋದರಮಾವ ಮಾತ್ರ, ಎಲ್ಲ ತಿಳಿದವನಂತೆ, ಹಿಂದಿನ ದಿನವೇ ಎಚ್ಚರಿಸಿದ್ದ: "ಬಹಳ ಶಿಸ್ತಿನ ಮನುಷ್ಯರಂತೆ. ಏನ್ ಮಾಡಿದ್ರೂ ಅಡ್ಡ ಮಾತಾಡ್ಬೇಡಿ."

"ಬನ್ನಿ ಯಜಮಾನ್ರೇ, ಬನ್ನಿ! ನಿಮ್ಮ ದಾರೀನೇ ಕಾಯ್ತಾ ಇದ್ವಿ" ಎಂದು ಮನೆಯೊಡತಿ ಸೆರಗು ಸರಿಮಾಡಿಕೊಂಡು ಓಡಿಬಂದಳು.

"ಹತ್ತರೊಳಗೆ ಬಂದಿದ್ದೀನಿ, ನೋಡ್ಕೊಳ್ಳಿ ಅಮ್ಮ" ಎಂದ ಪ್ರಶ್ನೆಪತ್ರಿಕೆ, ಗಡಿಯಾರ ತೋರಿಸಿ. "ಪೊರಕೆ ಎಲ್ಲಿದೆ?"

"ಪೊರಕೇನಾ?"

"ಇರ್ಲಿ, ನಾನೇ ಹುಡುಕ್ಕೋತೀನಿ."

ನಸುಕಿನಲ್ಲೇ ಎದ್ದು ಗುಡಿಸಿ ಒರೆಸಿದ ಮನೆ ಅದು. ಮನೆಯೊಡತಿ ಸೋದರಮಾವನ ಮುಖ ನೋಡಿದಳು. ಅವನು ತುಟಿಯ ಮೇಲೆ ಬೆರಳಿಟ್ಟ.

ಪ್ರಶ್ನೆಪತ್ರಿಕೆ ಸೋಫಾವನ್ನೇ ಸರಿಸಿ ಗುಡಿಸಿದ. ಅದರ ಕೆಳಗೆ ಎರಡು ಬಾಚಣಿಗೆ, ಒಂದು ಒಂಟಿ ಕಾಲುಚೀಲ, ನಾಲ್ಕು ಚಮಚ, ಯಾರು ಕಳೆದರೆಂದು ಮೂರು ತಿಂಗಳಿಂದ ಮನೆಯವರೆಲ್ಲ ಒಬ್ಬರ ಮೇಲೊಬ್ಬರು ಅನುಮಾನಪಡುತ್ತಿದ್ದ ಕತ್ತರಿ ಸಿಕ್ಕವು. ಎಲ್ಲವನ್ನೂ ಒಂದು ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, "ಕಳೆದುಹೋದ ವಸ್ತುಗಳು, ಗುರುತು ಹೇಳಿ ಪಡೆಯಿರಿ" ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟ.

"ನಮ್ಮ ಮಾನ ಹೋಯ್ತು" ಎಂದು ಮನೆಯೊಡತಿ ಗೋಡೆಗೊರಗಿದಳು.

"ಪರೀಕ್ಷೆ ಮಾಡ್ತಿದ್ದಾರೆ ಅಕ್ಕಾ, ಗಟ್ಟಿ ಮನಸ್ಸು ಮಾಡ್ಕೋ" ಎಂದ ಸೋದರಮಾವ.

ಕೆಲಸದ ಜೊತೆ ಕುತೂಹಲವನ್ನೂ ತಣಿಸಿಕೊಳ್ಳಬೇಕಲ್ಲ? ಪ್ರಶ್ನೆಪತ್ರಿಕೆ ಅಡುಗೆಮನೆಗೆ ಇಣುಕಿದ. ಒಬ್ಬ ಹೆಂಗಸು ತರಕಾರಿ ಹೆಚ್ಚುತ್ತಿದ್ದಳು. ಅವಳು ಆ ಮನೆಯ ಹಿರಿಸೊಸೆ. ತನ್ನ ಅಡುಗೆ ತಾನೇ ಮಾಡಿಕೊಳ್ಳುವ ಪ್ರವಾಸಿ ಎಂದುಕೊಂಡ ಇವನು.

"ಇಲ್ಲಿಗೆ ಬಂದು ಎಷ್ಟು ದಿನ ಆಯ್ತಮ್ಮಾ?"

"ದಿನ ಎಲ್ಲಿ ಬಂತು? ಒಂಬತ್ತು ವರ್ಷ ಆಯ್ತು."

"ಒಂಬತ್ತು ವರ್ಷ!" ಪ್ರಶ್ನೆಪತ್ರಿಕೆಯ ಕಣ್ಣು ಅರಳಿತು. ಚೀಲದಿಂದ ನೋಟ್‌ಬುಕ್ ತೆಗೆದ. "ಹಾಗಾದ್ರೆ ನಿಮ್ಮನ್ನೇ ಕೇಳ್ಬೇಕು. ಇಲ್ಲಿನ ವ್ಯವಸ್ಥೆ ಹೇಗಿದೆ? ಮೇಲ್ವಿಚಾರಣೆ ಸರಿಯಾಗಿದೆಯಾ? ಏನಾದ್ರೂ ದೂರು ಇದ್ರೆ ಸಂಕೋಚ ಇಲ್ದೆ ಹೇಳಿ, ಬರ್ಕೋತೀನಿ."

ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ. ಹಿರಿಸೊಸೆ ಚಾಕು ಕೆಳಗಿಟ್ಟಳು, ಕೈ ಒರೆಸಿಕೊಂಡಳು, ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ ಶುರುಮಾಡಿದಳು. ನೋಟ್‌ಬುಕ್ಕಿನಲ್ಲಿ ಆರು ಪುಟ ತುಂಬಿದರೂ ಅವಳು ಇನ್ನೂ ಮದುವೆಯ ಮೊದಲ ವರ್ಷದಲ್ಲೇ ಇದ್ದಳು. ಬಾಗಿಲಿನಾಚೆ ಕಿವಿಗೊಟ್ಟು ನಿಂತ ಮನೆಯೊಡತಿಯ ಮುಖ ಕೆಂಡವಾಗಿತ್ತು. ಬಾಯಿ ತೆರೆಯುವ ಹಾಗಿಲ್ಲ, ಮಗಳ ಸಂಬಂಧ!

ಹನ್ನೊಂದು ಹೊಡೆಯಿತು. ಹಾಸ್ಟೆಲುಗಳಲ್ಲಿ ಹನ್ನೊಂದಕ್ಕೆ ಹೋಗುವವರು ಮಂಚ ಖಾಲಿ ಮಾಡಬೇಕು, ಬಂದವರಿಗೆ ಹೊಸ ಹೊದಿಕೆ ಹಾಸಬೇಕು. ಇದನ್ನು ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮೊದಲ ಕೋಣೆಯಲ್ಲೇ ಒಬ್ಬ ಮುದುಕ ಆರಾಮವಾಗಿ ಮಲಗಿದ್ದ. ಮನೆಯ ಅಜ್ಜ, ಎಂಬತ್ತಾರು ವಯಸ್ಸು.

"ಯಾವಾಗ ಹೊರಡ್ತೀರಿ ಅಜ್ಜಾ?"

ಅಜ್ಜ ಕಣ್ಣು ಬಿಟ್ಟ. "ಕರೆ ಬಂದಾಗ."

"ಯಾರ ಕರೆ?"

ಅಜ್ಜ ಸುಮ್ಮನೆ ಮೇಲಕ್ಕೆ ಬೆರಳು ತೋರಿಸಿದ.

"ಮೇಲಿನ ಮಹಡಿಯವರನ್ನ ಕೇಳೋದೇನಿದೆ? ಹನ್ನೊಂದಾಯ್ತು, ನಿಮ್ಮ ಕಾಲ ಮುಗೀತು. ಇನ್ನೊಬ್ರು ಕಾಯ್ತಿರ್ತಾರೆ, ಸ್ವಲ್ಪ ಏಳಿ" ಎಂದವನೇ ಹೊದಿಕೆಯ ತುದಿ ಹಿಡಿದು ಎಳೆದ.

ಅಜ್ಜ ಹಾಕಿದ ಕೂಗಿಗೆ ಬೀದಿಯ ಕೊನೆಯ ಮನೆಯವರೂ ಹೊರಗೆ ಬಂದರು. ಮನೆಯ ಉಳಿದ ಹತ್ತೂ ಜನ ಕೋಣೆಗೆ ನುಗ್ಗಿದರು. ಒಂದು ತುದಿಯಲ್ಲಿ ಅಜ್ಜ, ಇನ್ನೊಂದು ತುದಿಯಲ್ಲಿ ಪ್ರಶ್ನೆಪತ್ರಿಕೆ, ಹೊದಿಕೆ ನಡುವೆ.

"ನಾನು ಸಾಯೋದಕ್ಕೆ ಗಂಟೆ ನೋಡ್ತಾನಲ್ಲೋ ಇವ್ನು!" ಎಂದು ಅಜ್ಜ ಗೋಳಾಡಿದ. "ಈ ಸಂಬಂಧ ಬೇಡ!"

"ಸಂಬಂಧಾನಾ?" ಎಂದ ಪ್ರಶ್ನೆಪತ್ರಿಕೆ. ಇಷ್ಟು ಹೊತ್ತಿಗೆ ಮೊದಲ ಬಾರಿ ಅವನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು.

ಅಷ್ಟರಲ್ಲಿ ಗೇಟಿನ ಬಳಿಯಿಂದ ಪೇಂಟರನ ದನಿ ಬಂತು. "ಅಮ್ಮಾ, ಹಾಸ್ಟೆಲ್ ಬೋರ್ಡು ಒಣಗ್ತು. ತಗೊಂಡ್ಹೋಗಿ ಪಕ್ಕದಲ್ಲಿ ಹಾಕ್ತೀನಿ. ಬಿಸಿಲು ಕೊಟ್ಟಿದ್ದಕ್ಕೆ ಉಪಕಾರ ಆಯ್ತು."

ಪ್ರಶ್ನೆಪತ್ರಿಕೆ ಹೊದಿಕೆ ಬಿಟ್ಟುಬಿಟ್ಟ. ಅಜ್ಜ ಹಿಂದಕ್ಕೆ ದಿಂಬಿನ ಮೇಲೆ ಬಿದ್ದ.

"ಹಾಗಾದ್ರೆ ಇದು ಹಾಸ್ಟೆಲ್..."

"ಅಲ್ಲ! ಹಾಗಾದ್ರೆ ನೀವು ಹುಡುಗನ ತಂದೆ..."

"ಅಲ್ಲಮ್ಮಾ! ನಾನು ಗ್ರಂಥಾಲಯದ ಗುಮಾಸ್ತ!"

ಮನೆಯೊಡತಿ ಒಂದು ಗಂಟೆಗೂ ಮೀರಿ ನುಂಗಿಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಅಂದುಬಿಟ್ಟಳು. ಆರು ಪುಟಗಳನ್ನು ಹರಿದು ಒಲೆಗೆ ಹಾಕಿದಳು. ಆಮೇಲೆ ಥಟ್ಟನೆ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ಹಾಗಾದ್ರೆ ಅವ್ರು ಎಲ್ಲಿ?"

ಸೋದರಮಾವ ತೊದಲಿದ. "ಹಾಸ್ಟೆಲ್ ಪಕ್ಕದ ಮನೆ ಅಂತ ಗುರುತು ಹೇಳಿದ್ದೆ. ಬೋರ್ಡು ನಮ್ಮ ಗೇಟಿಗಿತ್ತು ಅಂದ್ರೆ..."

ಪ್ರಶ್ನೆಪತ್ರಿಕೆ ಮುಂದೆ, ಮನೆಯೊಡತಿ ಹಿಂದೆ, ಸೋದರಮಾವ ಅವಳ ಹಿಂದೆ, ಮೂವರೂ ಪಕ್ಕದ ಕಟ್ಟಡಕ್ಕೆ ಓಡಿದರು.

ಹಾಸ್ಟೆಲಿನ ಮೇಲ್ವಿಚಾರಕಿ ಬಾಗಿಲಲ್ಲೇ ಬೀಗದ ಕೈಗಳನ್ನು ಎಣಿಸುತ್ತಿದ್ದಳು. ಪ್ರಶ್ನೆಪತ್ರಿಕೆ ಪತ್ರ ಚಾಚಿದ.

"ಮೇಡಂ, ಕೆಲ್ಸಕ್ಕೆ ಬರ್ಬೇಕಾದವನು ನಾನು."

"ಅವ್ರು ಆಗ್ಲೇ ಬಂದ್ರಲ್ಲ? ಹತ್ತಕ್ಕೆ ಐದು ನಿಮಿಷ ಇತ್ತು. ಬಕೆಟ್ ಕೊಟ್ಟೆ, ತಗೊಂಡ್ರು."

"ಯಾರು ಏನು ಅಂತ ವಿಚಾರಿಸ್ಲಿಲ್ವಾ?"

"ಪುಕ್ಕಟೆ ಕೆಲ್ಸ ಮಾಡೋರನ್ನ ವಿಚಾರಿಸ್ತಾ ಕೂತ್ರೆ ಓಡಿಹೋಗ್ತಾರೆ."

ಅವಳ ಹಿಂದಿನಿಂದ ಗೌರವಸ್ಥರೊಬ್ಬರು ಬಂದರು. ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ತಲೆಯ ಮೇಲೆ ಸೋಪಿನ ನೊರೆ, ಕೈಯಲ್ಲಿ ಕಕ್ಕಸು ತೊಳೆಯುವ ಬ್ರಷ್ಷು. ಮುಖದಲ್ಲಿ ಮಾತ್ರ ಹಬ್ಬದ ಕಳೆ.

"ಹುಡುಗಿಯ ತಾಯಿ ಅಲ್ವಾ ನೀವು? ಫೋಟೋದಲ್ಲಿ ನೋಡಿದ್ದೆ. ಎಲ್ಲಿಗೆ ಹೋಗಿದ್ರಿ?" ಎಂದು ಅವರೇ ಮಾತು ಶುರುಮಾಡಿದರು. "ಎಷ್ಟು ದೊಡ್ಡ ಸಂಸಾರ ನಿಮ್ದು! ಒಂದು ಕೋಣೇಲಿ ಎಂಟೆಂಟು ಜನ, ಒಬ್ಬರ ಮೇಲೊಬ್ರು ಮಂಚ ಹಾಕ್ಕೊಂಡು, ಒಂದು ಜಗಳ ಇಲ್ಲ! ಬಂದ ತಕ್ಷಣ ಮನೆಯವನ ಹಾಗೆ ಕೈಗೆ ಬಕೆಟ್ ಕೊಟ್ರು. ಸಂಬಂಧ ನನಗೆ ಒಪ್ಪಿಗೆ."

ವಿಷಯ ತಿಳಿಸಲು ಮನೆಯೊಡತಿಗೆ ಐದು ನಿಮಿಷ ಹಿಡಿಯಿತು. ಅವರು ಕೆಂಪಾದರು, ಬೆವರಿದರು, ಬ್ರಷ್ಷು ನೋಡಿಕೊಂಡರು. ಕೊನೆಗೆ, "ಒಪ್ಪಿಗೆ ಒಪ್ಪಿಗೇನೇ. ಮಾತು ಹಿಂದೆ ತಗೊಳ್ಳೋನಲ್ಲ ನಾನು" ಎಂದರು. ಮನೆಯೊಡತಿ ಖುಷಿಯಿಂದ ಅತ್ತೇಬಿಟ್ಟಳು. ಸೋದರಮಾವ ಎಲ್ಲ ತನ್ನಿಂದಲೇ ಆಯಿತೆಂಬಂತೆ ಎದೆಯುಬ್ಬಿಸಿದ.

ಪ್ರಶ್ನೆಪತ್ರಿಕೆಗೂ ಜೀವ ಬಂತು. "ಹಾಗಾದ್ರೆ ಯಜಮಾನ್ರು ಅವರ ಮನೆಗೆ ಹೋಗ್ತಾರೆ. ಮಂಚ ನನಗೆ ಅಲ್ವಾ ಮೇಡಂ?"

"ಅವ್ರು ಬಿಟ್ಕೊಟ್ರೆ ಆಗ್ಬಹುದು" ಎಂದಳು ಮೇಲ್ವಿಚಾರಕಿ.

"ಯಾರು ಬಿಟ್ಕೊಡ್ತಾರೆ?" ಎಂದರು ಹುಡುಗನ ತಂದೆ. "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು, ಒಂದು ದಿನ ಹೀಗೆ ಹಗುರಾಗಿದ್ದಿಲ್ಲ ನಾನು. ಇನ್ನೂ ಎರಡು ಕಕ್ಕಸು ಬಾಕಿ ಇದೆ. ವಾರ ಪೂರ್ತಿ ಇಲ್ಲೇ ಇರ್ತೀನಿ."

ಎಷ್ಟು ಬೇಡಿಕೊಂಡರೂ ಅವರು ಜಗ್ಗಲಿಲ್ಲ. ಪಕ್ಕದ ಮನೆಯಲ್ಲಾದರೂ ಒಂದು ಮೂಲೆ ಸಿಗಬಹುದೇ ಎಂದು ಪ್ರಶ್ನೆಪತ್ರಿಕೆ ಮನೆಯೊಡತಿಯ ಕಡೆ ತಿರುಗಿದ. ಅಜ್ಜನ ಕೂಗು ಇನ್ನೂ ನಿಂತಿರಲಿಲ್ಲ. ಅವಳು ಮುಖ ತಿರುಗಿಸಿಕೊಂಡು ಹೊರಟುಹೋದಳು.

ಅವನು ಚೀಲ ಬೆನ್ನಿಗೇರಿಸುವುದನ್ನು ನೋಡಿ ಹುಡುಗನ ತಂದೆಗೆ ಮರುಕವಾಯಿತು. "ಸಂಜೆ ಬಸ್ಸಿಗೆ ಹೋಗ್ತೀರಾ? ದಾರೀಲೇ ನಮ್ಮೂರು ಸಿಗುತ್ತೆ. ಒಂದು ಉಪಕಾರ ಮಾಡಿ, ಇಳಿದು ನನ್ನ ಹೆಂಡ್ತಿಗೆ ಸುದ್ದಿ ಮುಟ್ಟಿಸಿ. ಸಂಬಂಧ ಕುದುರಿತು, ಯಜಮಾನ್ರು ಬರೋದು ವಾರ ಆಗುತ್ತೆ ಅಂತ ಹೇಳಿ. ಅವಳು ನಿಮ್ಮನ್ನ ಸುಮ್ನೆ ಬಿಡೋಲ್ಲ. ಎಲ್ಲಿದ್ದಾರೆ, ಯಾಕಿದ್ದಾರೆ, ಯಾರ ಜೊತೆ ಇದ್ದಾರೆ ಅಂತ ನೂರೆಂಟು ಪ್ರಶ್ನೆ ಕೇಳ್ತಾಳೆ. ಏನಾದ್ರೂ ಹೇಳಿ."

ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

"ಕಕ್ಕಸು ತೊಳೀತಿದ್ದೀನಿ ಅಂತ ಮಾತ್ರ ಜೀವ ಹೋದ್ರೂ ಹೇಳ್ಬೇಡಿ. ಮನೇಲಿ ಒಂದು ಲೋಟ ಕೂಡ ತೊಳೆದವನಲ್ಲ ನಾನು."